ಗುಬ್ಬಿಯ ಜ್ವರ ಸುಳ್ಳಲ್ಲ

ಟೈಲರನ ಎಂಟು ವರ್ಷದ ಮಗಳನ್ನು ಬೀದಿಯವರೆಲ್ಲ ಗುಬ್ಬಿ ಎಂದೇ ಕರೆಯುತ್ತಿದ್ದರು. ಎರಡು ಮೂರು ವಾರಕ್ಕೊಮ್ಮೆ ಅವಳಿಗೆ ಜ್ವರ, ಜೊತೆಗೆ ತಡೆಯಲಾರದ ಹೊಟ್ಟೆನೋವು. ಎರಡು ದಿನ ಮುದುಡಿ ಮಲಗಿದವಳು ಮೂರನೆಯ ದಿನ ಏನೂ ಆಗಿಲ್ಲದಂತೆ ಬೀದಿಯಲ್ಲಿ ಕುಣಿಯುತ್ತಿದ್ದಳು. ರಕ್ತ ಪರೀಕ್ಷೆಯಲ್ಲಿ ಯಾವ ರೋಗಾಣುವೂ ಸಿಗಲಿಲ್ಲ. ಇದು ಶಾಲೆ ತಪ್ಪಿಸುವ ನೆಪವೇ ಸರಿ ಎಂದುಕೊಂಡ ಅಪ್ಪ, ಒಂದು ಬೆಳಿಗ್ಗೆ ಮೈ ಬಿಸಿ ಇದ್ದರೂ ಅವಳನ್ನು ಗದರಿಸಿ ಕಳಿಸಿಬಿಟ್ಟ.

ಹನ್ನೊಂದು ಗಂಟೆಗೆ ಪಕ್ಕದ ಮನೆಯ ನರ್ಸಕ್ಕ ಗುಬ್ಬಿಯನ್ನು ಎತ್ತಿಕೊಂಡು ಅಂಗಡಿಗೆ ಬಂದಳು. ಶಾಲೆಯ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳಂತೆ. ಟೈಲರ್ ಹೊಲಿಗೆ ನಿಲ್ಲಿಸಿ ಕೈ ಚಾಚಿದ. ಮಗಳ ಮೈ ಕೆಂಡದಂತೆ ಸುಡುತ್ತಿತ್ತು.

ನರ್ಸಕ್ಕ ಬೈಯಲಿಲ್ಲ. ಜ್ವರ ಬಂದ ದಿನ, ಬಿಟ್ಟ ದಿನ, ನೋವಿನ ಜಾಗ ಎಲ್ಲ ಬರೆದಿಡು ಎಂದಳು. ಅವನು ಅಳತೆ ಪುಸ್ತಕದಲ್ಲೇ ಬರೆಯತೊಡಗಿದ. ಮೂರು ತಿಂಗಳಲ್ಲಿ ಐದು ಸಲ! ಆ ಪುಸ್ತಕ ಹಿಡಿದು ಮೂವರೂ ದೊಡ್ಡಾಸ್ಪತ್ರೆಗೆ ಹೋದರು. ಡಾಕ್ಟರು ಅದನ್ನು ಎರಡೆರಡು ಸಲ ಓದಿ, ಇನ್ನಷ್ಟು ಪರೀಕ್ಷೆ ಮಾಡಿಸಿ, ಇದು ಹುಟ್ಟಿನಿಂದ ಬಂದ, ಮರುಕಳಿಸುವ ಜ್ವರದ ಕಾಯಿಲೆ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು.

ಹೊರಗಿನ ಬೆಂಚಿನ ಮೇಲೆ ಕೂತು ನರ್ಸಕ್ಕ ಬಿಡಿಸಿ ಹೇಳಿದಳು. ನಮ್ಮ ಜೀವಕೋಶಗಳೊಳಗೆ ಇನ್‌ಫ್ಲಮಸೋಮ್ ಎಂಬ ಪ್ರೋಟೀನುಗಳ ಕೂಟವೊಂದು ಕಟ್ಟಿಕೊಳ್ಳುತ್ತದೆ. ರೋಗಾಣು ಹೊಕ್ಕಾಗ ಎಚ್ಚರಿಸುವುದು ಅದರ ಕೆಲಸ. ಜ್ವರ, ಉರಿಯೂತ ಬರುವುದು ಆ ರೋಗಾಣುವನ್ನು ಹೊಡೆದೋಡಿಸಲಿಕ್ಕೇ. ಗುಬ್ಬಿಯ ಮೈಯಲ್ಲಿ ಮಾತ್ರ ಆ ಕೂಟ ರೋಗಾಣು ಇಲ್ಲದಾಗಲೂ ಎದ್ದುಬಿಡುತ್ತದೆ.

“ಕಾಯೋದೇ ಕಾಟ ಕೊಡುತ್ತಾ ಅಕ್ಕ?” ಟೈಲರ್ ಕೇಳಿದ.

“ಕಳ್ಳ ಇಲ್ದೇ ಇದ್ರೂ ನಾಯಿ ಬೊಗಳ್ತಾನೇ ಇದ್ರೆ ಮನೆಯೋರಿಗೇ ಅಲ್ವೇನೋ ತೊಂದ್ರೆ? ಅದನ್ನ ಸುಮ್ಮನಿರಿಸೋಕೆ ಈ ಮಾತ್ರೆ.”

“ಆಡಿಕೊಂಡಿರೋ ಮಗೂಗೂ ದಿನಾ ಮಾತ್ರೆಯಾ?”

“ಹೌದಪ್ಪ, ದಿನಾ. ಹಾಗೇ ಬಿಟ್ರೆ ಮುಂದೆ ಕಿಡ್ನಿಗೇ ಪೆಟ್ಟು.”

ವಾಪಸು ಬರುವಾಗ ಬಸ್ಸಿನಲ್ಲಿ ಗುಬ್ಬಿ ಅಪ್ಪನ ತೊಡೆಯ ಮೇಲೆ ತಲೆಯಿಟ್ಟಿದ್ದಳು. ತುಂಬ ಹೊತ್ತು ಅವಳ ಕೂದಲು ಸವರಿ ಅವನು ಮೆಲ್ಲಗೆ ಹೇಳಿದ:

“ನೋವು ಅಂದಾಗ ನಾನು ನಂಬಲಿಲ್ಲ ಮಗಳೇ. ತಪ್ಪಾಯ್ತು.”

ಅವಳು ಕಣ್ಣು ತೆರೆಯದೆಯೇ ಅಂದಳು: “ನಂಗೂ ಒಂದೊಂದ್ಸಲ ಸುಳ್ಳು ಅನ್ನಿಸ್ತಿತ್ತು ಅಪ್ಪ, ನೀನು ಹೇಳೀ ಹೇಳೀ.”

ಅವನು ಅವಳನ್ನು ಎದೆಗೆ ಅವಚಿಕೊಂಡ. ಅಂದಿನಿಂದ ಅಂಗಡಿ ತೆರೆಯುವ ಮೊದಲು ಅವಳಿಗೆ ಮಾತ್ರೆ, ಒಂದು ಲೋಟ ನೀರು. ಆ ವರ್ಷ ಉಳಿದ ತಿಂಗಳುಗಳಲ್ಲಿ ಜ್ವರ ಬಂದದ್ದು ಒಂದೇ ಸಲ.

ಅಪ್ಪ ಅಮ್ಮಂದಿರೇ, ಕಾರಣ ಸಿಗದ ಜ್ವರ ನಿಮ್ಮ ಮಗುವಿಗೆ ಮತ್ತೆ ಮತ್ತೆ ಬರುತ್ತಿದೆಯೇ? ದಿನಾಂಕ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ನಿಮ್ಮಷ್ಟಕ್ಕೆ ನೀವೇ ಮಾತ್ರೆ ನುಂಗಿಸಬೇಡಿ, ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಎಲ್ಲಕ್ಕೂ ಮೊದಲು, ನೋವು ಎಂದ ಮಗುವನ್ನು ನಂಬಿ.