ಒಂದೇ ನಂಬರಿನ ದಾರ

ಊರವರೆಲ್ಲ 'ಹೊಲಿಗೆ ಅತ್ತೆ' ಎಂದು ಕರೆಯುವ ದರ್ಜಿ ಒಂದು ಕಾಲದಲ್ಲಿ ಮೆಷಿನ್ ಮೇಲೆಯೇ ತೂಕಡಿಸುತ್ತಿದ್ದಳು. ಥೈರಾಯ್ಡ್ ಮಾತ್ರೆ ಶುರುವಾದ ಮೇಲೆ ಆ ಹಾಳು ನಿದ್ದೆ ಒಂಬತ್ತು ವರ್ಷ ಇತ್ತ ತಲೆ ಹಾಕಿರಲಿಲ್ಲ. ಈಗ ಔಷಧಿ ಅಂಗಡಿಯವನು ಬೇರೆ ಕಂಪನಿಯ ಮಾತ್ರೆ ಕೊಟ್ಟಿದ್ದ. ನಿದ್ದೆ ಮತ್ತೆ ಬಂದರೆ? ಕೋಟಿನ ಅಳತೆಗೆಂದು ಬಂದ ಡಾಕ್ಟ್ರಮ್ಮನನ್ನು ಅತ್ತೆ ಬಿಡಲಿಲ್ಲ.

"ಹಳೇ ಮಾತ್ರೆ, ಹೊಸ ಮಾತ್ರೆ ಒಂದೇನಾ?"

"ಔಷಧಿ, ಪ್ರಮಾಣ ಎರಡೂ ಒಂದೇ. ಆದರೂ ಕಂಪನಿ ಬದಲಾದ್ರೆ ಕೆಲವರ ಮೈಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಆಗಬಹುದು. ಆರು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ."

"ಹಳೇದು ಎಂಟು ಉಳಿದಿದ್ವು. ಒಂದಿನ ಹಳೇದು, ಒಂದಿನ ಹೊಸದು ಅಂತ ಸರತಿ ಹಾಕಿದ್ದೆ. ಇಬ್ಬರು ಸೊಸೆಯರಿದ್ದ ಹಾಗೆ, ಯಾರಿಗೂ ಬೇಜಾರಾಗಬಾರದಲ್ವಾ!"

"ಅಯ್ಯೋ, ಸರತಿ ಬೇಡ ಅತ್ತೆ! ಹೊಸದನ್ನೇ ಹಿಡಿದುಕೊಳ್ಳಿ."

ಅತ್ತೆಯ ಮುಖ ಅರಳಿತು. "ದಾರದ ಹಾಗೆ ಅನ್ನಿ. ನಂಬರ್ ಅದೇ ಇದ್ರೂ ಕಂಪನಿ ಬೇರೆ ಆದ್ರೆ, ಮೊದಲು ಚಿಂದಿ ಬಟ್ಟೆ ಮೇಲೆ ಹೊಲಿದು ನೋಡ್ತೀನಿ."

"ಅಷ್ಟೇ. ನನ್ನ ಕೋಟು ಯಾವಾಗ?"

"ಅದೂ ಆರು ವಾರ!"

ಆರು ವಾರಕ್ಕೆ ಸರಿಯಾಗಿ ರಿಪೋರ್ಟ್ ಬಂತು, ಎಲ್ಲ ಹದವಾಗಿತ್ತು. ಒಂದು ಆಕಳಿಕೆಯೂ ಇಲ್ಲದೆ ಅತ್ತೆ ಕೋಟಿನ ಕೊನೆಯ ಗುಂಡಿ ಹೊಲಿದು, ಹಲ್ಲಿನಿಂದ ದಾರ ಕಡಿದಳು. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟದ್ದು ಅವಳ ಜೀವಮಾನದಲ್ಲೇ ಮೊದಲು.