ಇಪ್ಪತ್ತು ಸೆಕೆಂಡಿನ ನಗು

ವಿಡಿಯೋದಲ್ಲಿ ಅಕ್ಕ ನಗುತ್ತಾಳೆ. ಇಸ್ತ್ರಿ ಅಂಗಡಿಯ ಬಾಗಿಲಲ್ಲಿ ನಿಂತು ಯಾರದೋ ಅಂಗಿಗೆ ನೀರು ಚಿಮುಕಿಸುತ್ತಿದ್ದವಳ ಮುಂದೆ ಒಬ್ಬ ಮೈಕು ಹಿಡಿದು, "ಅಕ್ಕಾ, ಬಟ್ಟೆ ಸುಕ್ಕು ತೆಗೀತೀರಾ, ಮನಸ್ಸಿನ ಸುಕ್ಕಿಗೆ ಏನ್ ಮಾಡ್ತೀರಾ?" ಎನ್ನುತ್ತಾನೆ. ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮೊದ್ಲು ನಿನ್ನ ಕಾಲರ್ ನೋಡ್ಕೋಪ್ಪಾ, ಹಸು ಅಗಿದು ಉಗಿದ ಹಾಗಿದೆ" ಎನ್ನುತ್ತಾಳೆ. ಆಮೇಲೆ ಆ ನಗು, ಕಣ್ಣಲ್ಲಿ ನೀರು ಬರುವಷ್ಟು. ಒಟ್ಟು ಇಪ್ಪತ್ತು ಸೆಕೆಂಡು.

ಒಂದೂವರೆ ವರ್ಷದಿಂದ ನಾನು ಆ ನಗು ಕಂಡಿರಲಿಲ್ಲ. ನಾಲ್ಕು ಲಕ್ಷ ಜನರ ಜೊತೆ ನಾನೂ ಅದನ್ನು ಫೋನಿನಲ್ಲೇ ನೋಡಿದೆ. ಐದನೇ ಲಕ್ಷದಲ್ಲಿ ಭಾವ ಇರಬಹುದು ಎನಿಸಿದೊಡನೆ ಪೊಲೀಸ್ ಠಾಣೆಗೆ ಹೊರಟೆ.

ಭಾವ ಅಕ್ಕನ ಮೊಣಕೈ ಮುರಿದ ವಾರವೇ ನಾವಿಬ್ಬರೂ ಈ ಊರಿಗೆ ಓಡಿಬಂದಿದ್ದೆವು. "ಎಲ್ಲಿದ್ರೂ ಹುಡುಕಿ ಮುಗಿಸ್ತೀನಿ" ಎಂದು ಅವನು ಹೇಳಿದ್ದು ಬರೀ ಬಾಯಿಮಾತಲ್ಲ. ನನ್ನ ಹಳೆಯ ಗೆಳೆಯರ ಮನೆಗಳಿಗೆಲ್ಲ ಹೋಗಿ ವಿಚಾರಿಸಿದ್ದ. ಅಮ್ಮನಿಗೂ ನಾವು ಊರಿನ ಹೆಸರು ಹೇಳಿರಲಿಲ್ಲ. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ನಾನು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಬಾಯಿ ಮುಚ್ಚಿಕೊಂಡಿದ್ದುದರಿಂದಲೇ ಬದುಕಿದ್ದೆವು.

ಠಾಣೆಯಲ್ಲಿ ಪೇದೆ ವಿಡಿಯೋವನ್ನು ಎರಡು ಸಲ ನೋಡಿ ಎರಡು ಸಲವೂ ನಕ್ಕ.

"ಇದ್ರಲ್ಲಿ ಕೆಟ್ಟದ್ದೇನಿದೆ? ಬೈದಿದ್ದಾನಾ? ಮುಟ್ಟಿದ್ದಾನಾ?"

"ಇಲ್ಲ ಸಾರ್. ಕೇಳದೆ ಹಾಕಿದ್ದಾನೆ."

"ಬೀದೀಲಿ ನಿಂತೋರನ್ನ ಕೇಳ್ಕೊಂಡು ಯಾರಪ್ಪಾ ತೆಗೀತಾರೆ? ನಿಮ್ಮ ಭಾವ ಬಂದ್ರೆ ಹೇಳಿ, ನೋಡೋಣ."

"ಅವನು ಬಂದ್ಮೇಲೆ ಹೇಳೋಕೆ ಅಕ್ಕ ಇರ್ಬೇಕಲ್ಲ ಸಾರ್."

ಪೇದೆ ಪೆನ್ನಿಗೆ ಮುಚ್ಚಳ ಹಾಕಿದ.

ವಿಡಿಯೋ ಹಾಕಿದ್ದ ಪುಟದಲ್ಲಿ ಜಾಹೀರಾತಿಗೆಂದು ಕೊಟ್ಟಿದ್ದ ನಂಬರಿಗೆ ಹನ್ನೊಂದು ಸಲ ಫೋನ್ ಮಾಡಿದ ಮೇಲೆ ಮೈಕಿನವನು ಸಿಕ್ಕ.

"ನಿಮ್ಮಕ್ಕ ಸ್ಟಾರ್ ಆಗಿದ್ದಾರೆ ಬ್ರದರ್, ಖುಷಿ ಪಡಿ!"

"ತೆಗೆದುಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ. ಅವಳ ಜೀವಕ್ಕೆ ಅಪಾಯ ಇದೆ."

"ಎಲ್ರೂ ಹೀಗೇ ಹೇಳ್ತಾರೆ. ಬೀದಿ ಏನು ನಿಮ್ಮ ಅಡುಗೆಮನೆನಾ? ಸರಿ, ಕಾಮೆಂಟಲ್ಲಿ ಬರೀರಿ, ನಮ್ಮ ಟೀಮ್ ನೋಡುತ್ತೆ."

ಗ್ರಂಥಾಲಯದ ಕಪಾಟುಗಳ ನಡುವೆ ನಿಂತು, ನಾಲ್ಕು ಸಲ ಅಳಿಸಿ, ನನ್ನ ಹೆಸರಿನ ಖಾತೆಯಿಂದಲೇ ಬರೆದೆ: "ಇವರು ನನ್ನ ಅಕ್ಕ. ಇವರನ್ನು ಕೊಲ್ಲಲು ಒಬ್ಬ ಹುಡುಕುತ್ತಿದ್ದಾನೆ. ದಯವಿಟ್ಟು ತೆಗೆಯಿರಿ."

ಮಧ್ಯಾಹ್ನದ ಹೊತ್ತಿಗೆ ಅದರ ಕೆಳಗೆ ನೂರಾರು ಉತ್ತರಗಳಿದ್ದವು. ಎಲ್ಲರೂ ಒಳ್ಳೆಯವರು. 'ಹೆದರಬೇಡಿ ತಮ್ಮಾ, ನಾವಿದ್ದೀವಿ.' 'ಅಕ್ಕನ್ನ ಮುಟ್ಟಿ ನೋಡ್ಲಿ!' ಒಬ್ಬರಂತೂ ಊರಿನ ಹೆಸರನ್ನೇ ಬರೆದು, 'ಹಳೇ ಬಸ್ ನಿಲ್ದಾಣದ ಹಿಂದೆ, ಗಡಿಯಾರ ರಿಪೇರಿ ಅಂಗಡಿ ಪಕ್ಕ. ಎಲ್ಲ ಬಂದು ಧೈರ್ಯ ಹೇಳಿ' ಎಂದು ಕೈಮುಗಿದಿದ್ದರು.

ಅದರ ಕೆಳಗೆ ಫೋಟೋ ಇಲ್ಲದ ಖಾತೆಯೊಂದರಿಂದ ಒಂದು ಸಾಲು: 'ಥ್ಯಾಂಕ್ಸ್ ಬಾಮೈದ. ಅಕ್ಕನ ಮೊಣಕೈ ನೋವು ಹೋಯ್ತಾ?'

ನಾನು ಬರೆದದ್ದನ್ನು ಅಳಿಸಿದೆ. ಅದರ ಜೊತೆ ಅವನ ಸಾಲೂ ಹೋಯಿತು. ಅವನು ಓದಿಕೊಂಡದ್ದು ಹೋಗಲಿಲ್ಲ.

ಅಂಗಡಿಗೆ ಓಡಿದೆ. ಹೇಳಿ ಮುಗಿಸುವವರೆಗೂ ಅಕ್ಕ ಅಂಗಿಯ ಒಂದು ತೋಳನ್ನೇ ಉಜ್ಜುತ್ತಿದ್ದಳು.

"ನೀನು ಬರೆದ್ಯಾ? ಸಾರಿಗೆ ಉಪ್ಪಿಲ್ಲ ಅಂತಲೂ ಬಾಯಿ ಬಿಡದೋನು, ನೀನು?"

ಅಷ್ಟೇ. ಪ್ಲಗ್ ಕಿತ್ತಳು. ಬಾಗಿಲ ಹಿಂದೆ ಒಂದೂವರೆ ವರ್ಷದಿಂದ ತುಂಬಿಟ್ಟೇ ಇದ್ದ ಬ್ಯಾಗನ್ನು ನಾನು ಎತ್ತಿಕೊಂಡೆ.

"ಇಸ್ತ್ರಿಪೆಟ್ಟಿಗೆ ಆರ್ಲಿ" ಎಂದಳು.

"ಅದನ್ನ ಬಿಟ್ಟು ಬಾ ಅಕ್ಕಾ!"

"ಇದೊಂದಿದ್ರೆ ಎಲ್ಲಾದ್ರೂ ಅನ್ನ ಹುಟ್ಟುತ್ತೆ ಕಣೋ. ಕೈಯಲ್ಲಿ ಬೇರೇನಿದೆ?"

ಅವಳು ನೀರು ಚಿಮುಕಿಸಿದಳು. ಚುರ್ರೆಂದಿತು. ಮತ್ತೆ ಚಿಮುಕಿಸಿದಳು. ನಾವಿಬ್ಬರೂ ಆ ಕಬ್ಬಿಣವನ್ನೇ ನೋಡುತ್ತ ನಿಂತೆವು. ಜಗತ್ತಿನಲ್ಲಿ ಅಷ್ಟು ನಿಧಾನವಾಗಿ ಆರುವ ವಸ್ತು ಇನ್ನೊಂದಿರಲಾರದು. ಹೊರಗೆ ಹೆಜ್ಜೆ ಸದ್ದಾಯಿತು. ಅಕ್ಕ ಮುರಿದಿದ್ದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡಳು.

ಮೂವರು ಹುಡುಗಿಯರು. ಮೂವರ ಕೈಯಲ್ಲೂ ಫೋನು.

"ಅಕ್ಕಾ! ನಿಮಗೆ ಧೈರ್ಯ ಹೇಳೋಕೇ ಬಂದ್ವಿ. ಆ ಕಾಲರ್ ಡೈಲಾಗ್ ಒಂದ್ಸಲ ಹೇಳಿ ಪ್ಲೀಸ್!"

"ತೆಗೀಬೇಡಿ" ಎಂದು ನಾನು ಫೋನಿಗೆ ಕೈ ಅಡ್ಡ ಹಿಡಿದೆ.

"ಲೈವ್ ಅಣ್ಣಾ, ಕೈ ತೆಗೀರಿ. ಎಲ್ಲ ನಿಮ್ಮ ಪರವೇ ಇದ್ದಾರೆ."

ಅಂಗಡಿಗೆ ಇದ್ದದ್ದು ಅದೊಂದೇ ಬಾಗಿಲು. ಅಕ್ಕ ಇನ್ನೂ ಬಿಸಿಯಿದ್ದ ಪೆಟ್ಟಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡಳು. ಮುಖ ಮುಚ್ಚಿಕೊಳ್ಳಲು ಅವಳಿಗೆ ಕೈ ಉಳಿದಿರಲಿಲ್ಲ. ತಲೆ ತಗ್ಗಿಸಿ ಅವರ ನಡುವೆ ನುಗ್ಗಿದಳು. ನಾನು ಅವಳ ಬೆನ್ನಿಗೆ ಅಂಟಿಕೊಂಡು ನಡೆದೆ.

"ಅಯ್ಯೋ, ಬ್ಯಾಗು ಬೇರೆ! ಎಲ್ಲಿಗೆ ಹೊರಟ್ರಿ ಅಕ್ಕಾ?"

ನಾವು ಹೆಜ್ಜೆ ಜೋರುಮಾಡಿದೆವು. ಒಬ್ಬಳು ಹಿಂದೆಯೇ ಬರುತ್ತ, ಮರುಕ ತುಂಬಿದ ದನಿಯಲ್ಲಿ ಫೋನಿಗೆ ಹೇಳುತ್ತಿದ್ದಳು:

"ಪಾಪ, ತುಂಬಾ ಹೆದರಿದ್ದಾರೆ ಫ್ರೆಂಡ್ಸ್. ಬಸ್ ನಿಲ್ದಾಣದ ಕಡೆ ಹೋಗ್ತಿದ್ದಾರೆ, ನೋಡಿ."