ಮಾತು ತಾನಾಗಿ ಬರುತ್ತೆ

ಸಾವಿನ ಮನೆಯಲ್ಲಿ ಬಾಡಿಗೆಗೆ ತಂದ ಕುರ್ಚಿಗಳನ್ನು ಒಂದೊಂದಾಗಿ ಬಿಡಿಸಿ ಇಡುತ್ತಿದ್ದ ನರ್ಸಮ್ಮನ ಸೊಸೆ ಕೈ ನಿಲ್ಲಿಸಿದಳು. ಮೂಲೆಯಲ್ಲಿ ಪುಟ್ಟ ಹೆಣ್ಣುಮಗುವೊಂದು ಒಂದೇ ಕುರ್ಚಿಯನ್ನು ಮಡಚುತ್ತ, ಬಿಡಿಸುತ್ತ, ಮತ್ತೆ ಮಡಚುತ್ತ ಕೂತಿತ್ತು. ಕೂಗಿದರೆ ತಿರುಗಲಿಲ್ಲ. ಹೊರಗೆ ಬೈಕಿನ ಸದ್ದಾದಾಗ ಮಾತ್ರ ಬೆಚ್ಚಿಬಿತ್ತು.

"ಯಾವಾಗ್ಲೂ ಹೀಗೇನಾ?"

"ಹೂಂ ಅತ್ತಿಗೆ. ಎರಡು ತುಂಬಿತು, ಇನ್ನೂ ಅಮ್ಮ ಅಂತಾನೂ ಅನ್ನಲ್ಲ," ಎಂದಳು ಮಗುವಿನ ತಾಯಿ. ತೀರಿಕೊಂಡ ನರ್ಸಮ್ಮನಿಗೆ ತಮ್ಮನ ಮಗಳು ಅವಳು. ಬೆಳಿಗ್ಗೆಯಷ್ಟೇ ದೂರದೂರಿನಿಂದ ಬಂದಿದ್ದಳು. "ಮಾತು ತಾನಾಗಿ ಬರುತ್ತೆ ಅಂತ ಅತ್ತೆ ಹೇಳ್ತಿದ್ರಲ್ಲ."

ಊರಿನ ಆಸ್ಪತ್ರೆಯಲ್ಲಿ ಲಸಿಕೆ ಹಾಕುತ್ತಿದ್ದ ನರ್ಸಮ್ಮನ ಆ ಒಂದು ಮಾತಿನ ಮೇಲೆ ಬೀದಿಯ ಅರ್ಧ ಮಕ್ಕಳು ಬೆಳೆದಿದ್ದಾರೆ. ಪುಣ್ಯಕ್ಕೆ ಹೆಚ್ಚಿನವರಿಗೆ ಮಾತು ಬಂದೂ ಬಂತು. ಅದಕ್ಕೇ ಆಕೆಯ ಮಾತಿಗೆ ಅಷ್ಟು ಬೆಲೆ.

*

ಸೊಸೆಯ ಮಗನಿಗೆ ಬರಲಿಲ್ಲ.

"ನಾನು ನೋಡದಿರೋ ಮಕ್ಕಳಾ? ಸುಮ್ನಿರು ನೀನು," ಎಂದು ನರ್ಸಮ್ಮ ವರ್ಷಗಟ್ಟಲೆ ತಡೆದರು. ಶಾಲೆಯವರು ಕೈಚೆಲ್ಲಿದ ಮೇಲೆ ದೊಡ್ಡಾಸ್ಪತ್ರೆಗೆ ಓಡಿದರೆ ಅಲ್ಲಿ ಸರದಿ ಬರಲು ಮತ್ತೊಂದು ವರ್ಷ. ಆಟಿಸಂ ಅಂದರು. ಮೊದಲೇ ಕರೆತಂದಿದ್ದರೆ ಚೆನ್ನಾಗಿತ್ತು ಅಂತಲೂ ಅಂದರು.

ಆಮೇಲೆ ನರ್ಸಮ್ಮ ಮೇಲಿನವರ ತಲೆ ತಿಂದು, ತಿಂಗಳಿಗೊಮ್ಮೆ ಮಕ್ಕಳ ಡಾಕ್ಟರು ತಮ್ಮ ಲಸಿಕೆ ಕೋಣೆಗೇ ಬರುವಂತೆ ಮಾಡಿಕೊಂಡರು. ಚುಚ್ಚುಮದ್ದಿಗೆ ಬಂದ ಮಗುವನ್ನು ಅಲ್ಲೇ ತೋರಿಸದೆ ಕಳಿಸುತ್ತಿರಲಿಲ್ಲ. "ನಾನು ಹಿಂದೆ ಹೇಳಿದ್ದು ತಪ್ಪು ಕಣಮ್ಮ," ಎಂದು ಬೀದಿಯ ಮನೆಮನೆಗೂ ಹೋಗಿ ಹೇಳಿ ಬಂದರು.

ಸೊಸೆಗೊಬ್ಬಳಿಗೆ ಹೇಳಲಿಲ್ಲ.

*

"ಡಾಕ್ಟರು ಬರೋದು ಇವತ್ತೇ. ಮಧ್ಯಾಹ್ನಕ್ಕೆ ಹೊರಟುಬಿಡ್ತಾರೆ. ಮಗೂನ ಎತ್ಕೋ," ಎಂದಳು ಸೊಸೆ.

"ಅಯ್ಯೋ, ಅತ್ತೇನ ಇಲ್ಲಿಟ್ಕೊಂಡಾ? ಜನ ಏನಂದಾರು? ಮುಂದಿನ ತಿಂಗಳು ಬರ್ತೀನಿ ಬಿಡಿ."

"ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ ನಾನೂ ಕೂತಿದ್ದೆ." ಸೊಸೆ ಕೈಯಲ್ಲಿದ್ದ ಕುರ್ಚಿ ಕುಕ್ಕಿದಳು. ಅತ್ತೆ ಹೋದರೂ ಅತ್ತೆಯ ಮೇಲಿನ ಸಿಟ್ಟು ಹೋಗಿರಲಿಲ್ಲ.

ಅಷ್ಟರಲ್ಲಿ ಶವದ ಗಾಡಿ ಬಂತು. ಅಳುವ ಸದ್ದು ಸಹಿಸಲಾಗದ ಸೊಸೆಯ ಮಗ ಒಳಕೋಣೆಯಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದ. ಪಕ್ಕದ ಮನೆಯಾಕೆ ಅವನ ಜೊತೆ ಉಳಿದಳು. ಸೊಸೆ ಆ ತಾಯಿಯನ್ನೂ ಮಗುವನ್ನೂ ಗಾಡಿಗೆ ಹತ್ತಿಸಿ ತಾನೂ ಹತ್ತಿದಳು. ಆಸ್ಪತ್ರೆ ಸ್ಮಶಾನದ ದಾರಿಯಲ್ಲೇ ಇತ್ತು. ತಿರುವು ಬರುತ್ತಲೇ ಡ್ರೈವರನ ಬೆನ್ನಿಗಿದ್ದ ಕಿಟಕಿ ಬಡಿದಳು.

"ತಲೆ ಕೆಟ್ಟಿದೆಯಾ ನಿನಗೆ?" ಗಂಡ ರೇಗಿದ. "ಹೆಣ ಇಟ್ಕೊಂಡು ನಡುದಾರೀಲಿ ನಿಲ್ಲಿಸ್ತಾರಾ ಯಾರಾದ್ರೂ?"

"ಇವತ್ತು ನಿಮ್ಮಮ್ಮಂಗೆ ಡ್ಯೂಟಿ ಇತ್ತು ಕಣ್ರೀ."

ಅವನು ಸತ್ತ ತನ್ನ ತಾಯಿಯ ಮುಖ ನೋಡಿದ. ಆಮೇಲೆ ತಾನೇ ಕಿಟಕಿ ಬಡಿದ.

ಗಾಡಿ ಆಸ್ಪತ್ರೆಯ ಗೇಟಿನೊಳಗೆ ನಿಂತಿತು. ಲಸಿಕೆ ಕೋಣೆಯ ಬೆಂಚಿನಲ್ಲಿದ್ದ ತಾಯಂದಿರೆಲ್ಲ ಮಕ್ಕಳನ್ನು ಅವಚಿಕೊಂಡು ಎದ್ದು ನಿಂತರು. ಹಿಂದಿನ ಬಾಗಿಲು ತೆರೆಯಿತು. ನರ್ಸಮ್ಮನ ಪಾದಗಳ ಪಕ್ಕದಿಂದ ಎರಡು ವರ್ಷದ ಮಗುವೊಂದು ಸೊಸೆಯ ಕೈಗೆ ಜಾರಿ ನೆಲಕ್ಕಿಳಿಯಿತು.